ಸಾವಿನ ಮನೆಯಲ್ಲಿ ನಿಂತವರ ಆರ್ಡರ್

ಒಂದು ಬದಿ ಕೆಂಪು, ಇನ್ನೊಂದು ಬದಿ ಬಿಳಿ ಇದ್ದ ಎರಡು ನಾಣ್ಯಗಳೂ ಕೆಂಪು ಮೇಲಾಗಿ ಬಿದ್ದವು. ತೀರಿಕೊಂಡ ಬಾವ್‌ಜುವಿನ ಮಗಳು ಶಿನ್‌ಹ್ವೇ ಅವನ್ನು ಬಾಚಿಕೊಂಡು ಮತ್ತೆ ಎಸೆದಳು. ಮತ್ತೆ ಎರಡೂ ಕೆಂಪು.

"ಊಟ ಮುಗೀತೇನಮ್ಮ ಅಂದ್ರೆ ಬರೀ ನಗ್ತಿದಾಳೆ," ಎಂದಳು.

ಒಂದು ಕೆಂಪು, ಒಂದು ಬಿಳಿ ಬಿದ್ದರೆ ಸತ್ತವರು ಹೌದು ಎಂದ ಹಾಗೆ; ಎರಡೂ ಕೆಂಪಾದರೆ ನಗುತ್ತಿದ್ದಾರೆ ಎಂದು. ಅಲ್ಲಿಯವರೆಗೆ ಎಡೆ ತೆಗೆಯುವಂತಿಲ್ಲ. ಎಡೆಯಲ್ಲಿ ಅನ್ನ, ಬೇಯಿಸಿದ ಕೋಳಿ, ಜೊತೆಗೆ ಬಾವ್‌ಜು ಆಸೆಪಟ್ಟು ತಿನ್ನುತ್ತಿದ್ದ ನಮ್ಮೂರು ಜಾಂಗ್‌ಹ್ವಾದ ಮಾಂಸದ ಕಡುಬು.

"ಅವಳು ಒಂದೇ ಮಾತಿಗೆ ಯಾವತ್ತು ಹೂಂ ಅಂದಿದಾಳೆ?" ಎಂದರು ಬಾವ್‌ಜುವಿನ ಹಳೆಯ ಗಿರಾಕಿ, ಮುದುಕ ಆಶ್ವೇ. "ಷೇರಿನ ಆರ್ಡರ್ ಹೇಳಿದ್ರೆ ಸಾಕು, ಇನ್ನೊಂದು ಸಲ ಹೇಳಿ ಅನ್ನೋಳು. ಸ್ವಲ್ಪ ಬಿಟ್ಟು ಕೇಳು ಮಗಳೇ, ನಿಧಾನವಾಗಿ ಉಣ್ಣಲಿ."

ಸಭಾಂಗಣ ತುಂಬಿತ್ತು. ಇದು ಸಣ್ಣ ಮಾತಲ್ಲ. ಹೊರಗೆ ಷೇರು ಮಾರ್ಕೆಟ್ ನಡೆಯುತ್ತಿತ್ತು. ನಮ್ಮೂರಿನ ಗಿರಾಕಿಗಳು ಬೆಳಿಗ್ಗೆ ದಲ್ಲಾಳಿ ಕಚೇರಿಯ ಬೋರ್ಡಿನ ಮುಂದೆ ಕೂತರೆ ಮಧ್ಯಾಹ್ನ ಮಾರ್ಕೆಟ್ ಮುಚ್ಚುವವರೆಗೆ ಕುರ್ಚಿ ಬಿಟ್ಟು ಏಳುವವರಲ್ಲ. ಮಗಳ ನಿಶ್ಚಿತಾರ್ಥವನ್ನೇ ಮಧ್ಯಾಹ್ನಕ್ಕೆ ತಳ್ಳಿದ ಪುಣ್ಯಾತ್ಮರಿದ್ದಾರೆ. ಅಂಥವರೆಲ್ಲ ಇವತ್ತು ಫೋನು ಮುಚ್ಚಿಟ್ಟು, ಕೈಯಲ್ಲಿ ಊದುಬತ್ತಿ ಹಿಡಿದು ಸಾಲುಗಟ್ಟಿದ್ದರು. ಷೇರು ಮಾರುತ್ತಿದ್ದ ಒಬ್ಬ ಹೆಂಗಸಿಗಾಗಿ!

ತೈಪೆಯ ಮುಖ್ಯ ಕಚೇರಿಯಿಂದ ಬಂದಿದ್ದ ಕಾವ್ ಸಾಹೇಬರು ಸಾಲನ್ನು ನೋಡಿ ಬೆರಗಾದರು. ಕಂಪನಿಯ ಸಿಬ್ಬಂದಿಯಲ್ಲಿ ಯಾರಿರಬೇಕು, ಯಾರು ಹೋಗಬೇಕು ಎಂದು ತೀರ್ಮಾನಿಸುವವರು ಅವರೇ. ಹೂಮಾಲೆ ಇಟ್ಟು ಬಂದವರೇ ಪೇಜೆನ್‌ಳನ್ನು ಪಕ್ಕಕ್ಕೆ ಕರೆದರು. ನಿವೃತ್ತಿಯಾದ ಮೇಲೂ ಬಾವ್‌ಜು ದಿನಾ ಬಂದು ಕೂತು ಕಲಿಸಿದ ಕೊನೆಯ ಹುಡುಗಿ ಅವಳು.

"ಇಲ್ಲಿ ಹೇಳಬಾರದು, ಆದ್ರೂ ಹೇಳ್ತೀನಿ," ಎಂದರು. "ನಿನ್ನ ಮಾರಾಟ ಏನೂ ಸಾಲದು. ಇವತ್ತು ಮಾರ್ಕೆಟ್ ಮುಚ್ಚೋದರೊಳಗೆ ಒಂದು ದೊಡ್ಡ ಆರ್ಡರ್ ತಂದ್ರೆ ಉಳ್ಕೋತೀಯ. ಇಲ್ಲಾಂದ್ರೆ ನಾಳೆಯಿಂದ ಬರಬೇಡ."

"ಬಾವ್‌ಜು ಅಕ್ಕ ಕಲಿಸಿದ ಹಾಗೆ ಮಾಡ್ತಿದೀನಿ, ಸಾರ್."

"ಅವರು ದೊಡ್ಡವರು, ಅವರ ಕಾಲ ಬೇರೆ. ಮಾರೋರಿಗೆ ಮೊದಲು ಇರಬೇಕಾದ ಸಾಮರ್ಥ್ಯ ಮಾರೋದು ಕಣಮ್ಮ. ಉಳಿದದ್ದೆಲ್ಲ ಆಮೇಲೆ."

ಹಿಂದೆ ನಿಂತಿದ್ದ ಆಶ್ವೇ ಅವರ ಕಣ್ಣು ಮಂಜಾಗಿದೆ. ಕಿವಿ ಮಾತ್ರ ಚುರುಕು.

*

ಬಹಳ ಹಿಂದಿನ ಮಾತು. ಊರಿಗೆ ಊರೇ ಷೇರಿನ ಹುಚ್ಚು ಹಿಡಿದು ಕುಣಿಯುತ್ತಿದ್ದ ವರ್ಷ ಅದು. ಆಶ್ವೇ ಹೆಂಡತಿಯನ್ನು ಮಣ್ಣು ಮಾಡಿ, ತೋಳಿಗೆ ಚುಚ್ಚಿಕೊಂಡ ಸೂತಕದ ಗೋಣಿಚೂರನ್ನೂ ತೆಗೆಯದೆ ನೇರ ಕಚೇರಿಗೆ ಬಂದಿದ್ದರು.

"ಮನೆ ಅಡವಿಟ್ಟಿದೀನಿ. ಎಲ್ಲಾ ಹಾಕು," ಎಂದರು.

ಬಾವ್‌ಜು ಆ ಗೋಣಿಚೂರನ್ನು ನೋಡಿದಳು. "ಅಣ್ಣ, ಊಟ ಆಯ್ತಾ?"

"ಊಟ ಕೇಳೋಕೆ ನೀನ್ಯಾರೇ? ಆರ್ಡರ್ ಹಾಕು!"

"ಇವತ್ತು ನಿಮ್ಮ ಆರ್ಡರ್ ತೊಗೊಳಲ್ಲ. ಸೂತಕದಲ್ಲಿರೋರು, ಕುಡಿದು ಬಂದೋರು ಏನು ಹೇಳಿದ್ರೂ ನಾನು ಬರ್ಕೊಳಲ್ಲ."

ಆಶ್ವೇ ಬಾಯಿಗೆ ಬಂದಂತೆ ಬೈದರು. ಮ್ಯಾನೇಜರ್ ಹೊರಗೋಡಿ ಬಂದು, ಕೆಲಸ ಬೇಕಿದ್ದರೆ ಆರ್ಡರ್ ಹಾಕು ಎಂದು ಎಲ್ಲರೆದುರು ಕೂಗಾಡಿದ. ಅವಳು ಎದ್ದು ಎದುರಂಗಡಿಯಿಂದ ಒಂದು ಬಟ್ಟಲು ಕಡುಬು ತಂದು ಆಶ್ವೇ ಮುಂದಿಟ್ಟಳು. ಅವರು ಅಳುತ್ತಲೇ ತಿಂದರು. ಕೆಲವೇ ವಾರಗಳಲ್ಲಿ ಮಾರ್ಕೆಟ್ ಮುಗುಚಿ ಬಿತ್ತು. ಬೀದಿಯಲ್ಲಿ ಎಷ್ಟೋ ಮನೆಗಳು ಕೈತಪ್ಪಿದವು. ಆಶ್ವೇ ಮನೆ ಉಳಿಯಿತು.

*

ಕಾವ್ ಅತ್ತ ತಿರುಗಿದ್ದೇ ತಡ, ಆಶ್ವೇ ಪೇಜೆನ್ ಬಳಿ ಬಂದರು. ಎಲ್ಲರಿಗೂ ಕೇಳಲಿ ಎಂದೇ ದನಿ ಏರಿಸಿದರು.

"ಹುಡುಗಿ, ನನ್ನ ಖಾತೇಲಿರೋದನ್ನೆಲ್ಲ ತೈಪೆಯೋರು ಮಾರ್ತಿರೋ ಆ ಹೊಸ ಫಂಡಿಗೆ ಹಾಕು. ಈಗಲೇ, ಫೋನಲ್ಲೇ."

ಕಾವ್ ತಿರುಗಿ ನೋಡಿದರು. ಪೇಜೆನ್ ಕೈ ತಾನಾಗಿಯೇ ಚೀಲದೊಳಗಿನ ಫೋನಿಗೆ ಹೋಯಿತು. ಮನೆಯ ಬಾಡಿಗೆ, ತಮ್ಮನ ಕಾಲೇಜು, ಎಲ್ಲ ಈ ಕೆಲಸದ ಮೇಲೇ ನಿಂತಿತ್ತು. ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಬರಿದಾಗಿ ಹೊರಬಂತು.

"ಮಾಮ, ಊಟ ಆಯ್ತಾ?"

ಆಶ್ವೇ ಮುಖ ಬಿಳಿಚಿತು. "ಊಟದ ಮಾತು ಬೇಡ. ನನ್ನ ದುಡ್ಡು, ನನ್ನಿಷ್ಟ."

"ಸಾವಿನ ಮನೇಲಿ ನಿಂತಿದೀರಿ. ಇವತ್ತು ನಿಮ್ಮ ಆರ್ಡರ್ ತೊಗೊಳಲ್ಲ. ಅದೂ ನನ್ನ ಮೇಲಿನ ಕನಿಕರಕ್ಕೆ ಕೊಡೋ ಆರ್ಡರ್ ಬೇಡವೇ ಬೇಡ."

"ಕೆಲಸ ಹೋಗುತ್ತೆ ಕಣೇ, ಹುಚ್ಚಿ!"

"ಹೋದ್ರೆ ಹೋಗ್ಲಿ."

ಆಶ್ವೇ ಭಾವಚಿತ್ರದ ಕಡೆ ತಿರುಗಿದರು. ಕಣ್ಣಲ್ಲಿ ನೀರು, ದನಿಯಲ್ಲಿ ಎಲ್ಲಿಲ್ಲದ ಹೆಮ್ಮೆ. "ಕೇಳಿಸ್ಕೊಂಡ್ಯೇನೇ ಬಾವ್‌ಜು? ನಿನ್ನ ಬಾಯೇ ಕಣೇ ಇದು!"

ಸಾಲಿನಲ್ಲಿದ್ದವರಲ್ಲಿ ಯಾರೋ ಮೂಗೊರೆಸಿಕೊಂಡರು. ಮೀನಿನಂಗಡಿಯ ಹೆಂಗಸು ಕಾವ್ ಸಾಹೇಬರಿಗೆ ಹೇಳಿದಳು, "ನನ್ನ ಗಂಡ ಕುಡಿದು ಬಂದಾಗಲೂ ಅಕ್ಕ ಹೀಗೇ ಅಟ್ಟಿದ್ಲು ಸಾರ್. ಅದಕ್ಕೇ ನಾವು ಇನ್ನೊಂದು ಕಚೇರಿ ಮೆಟ್ಟಿಲು ಹತ್ತಿಲ್ಲ."

ಕಾವ್ ಆ ಸಾಲಿನ ಉದ್ದಕ್ಕೂ ಮತ್ತೊಮ್ಮೆ ಕಣ್ಣಾಡಿಸಿದರು. "ಬರೋ ವಾರ ಹೊಸಬರು ಸೇರ್ತಾರೆ," ಎಂದರು ಕೊನೆಗೆ, ಪೇಜೆನ್ ಮುಖ ನೋಡದೆ. "ಅವರನ್ನ ನಿನ್ನ ಹತ್ರ ಕಳಿಸ್ತೀನಿ. ಬೇಡ ಅನ್ನೋದು ಹೇಗೆ ಅಂತ ಮೊದಲು ಕಲಿಸು. ಮಾರೋದು ನಾವು ಕಲಿಸ್ಕೋತೀವಿ."

ಅಷ್ಟರಲ್ಲಿ ಶಿನ್‌ಹ್ವೇ ಮತ್ತೆ ನಾಣ್ಯ ಎಸೆದಿದ್ದಳು. ಒಂದು ಬಿಳಿ ಬಿತ್ತು. ಇನ್ನೊಂದು ಉರುಳುತ್ತ ಹೋಗಿ ಕಾವ್ ಸಾಹೇಬರ ಹೊಳೆಯುವ ಬೂಟಿನ ಹತ್ತಿರ ಮಲಗಿತು. ಅವರು ಬಗ್ಗಿ ನೋಡಿದರು.

"ಕೆಂಪು," ಎಂದರು.

"ಇನ್ನೊಂದು ಸಲ ಹೇಳಿ," ಎಂದಳು ಪೇಜೆನ್.

ತೈಪೆಯ ಸಾಹೇಬರು ಬಾವ್‌ಜು ಭಾವಚಿತ್ರದ ಮುಂದೆ ಎರಡೂ ಮೊಣಕಾಲೂರಿ, ತಲೆ ನೆಲಕ್ಕೆ ತಾಗುವಷ್ಟು ಬಾಗಿ, ನಾಣ್ಯವನ್ನು ಮತ್ತೆ ನೋಡಿದರು.