ಅಳಿಲು ಹಿಡಿಯಲು ಹೋದ ಇಲಿಬೋನು

ನಾನು ಒಂದು ಇಲಿಬೋನು. ಬೋನು ಎಂದ ಮೇಲೆ ಗುಂಡಿಗೆ ಗಟ್ಟಿ ಇರುತ್ತದೆ ಎಂದು ನೀವು ಅಂದುಕೊಂಡಿರಬಹುದು. ನನ್ನದು ಹುಟ್ಟಾ ಪುಕ್ಕಲು ಸ್ವಭಾವ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ತಗಡಿನ ಕೆಲಸದ ಸಾಹೇಬರೊಬ್ಬರು ತಂತಿ ಬಗ್ಗಿಸಿ, ಹಲಗೆಗೆ ಮೊಳೆ ಹೊಡೆದು ನನ್ನನ್ನು ಮಾಡಿದರು. ಕೊನೆಗೆ ಸ್ಪ್ರಿಂಗ್ ಸಿಕ್ಕಿಸಿ, ಬಾಗಿಲು ಸರಿಯಾಗಿ ಬೀಳುತ್ತದೆಯೇ ಎಂದು ನೋಡಲು ಕೊಕ್ಕೆಗೆ ಕಡ್ಡಿ ತಾಗಿಸಿದರು. ಫಟ್ ಎಂದಿತು. ಆ ಸದ್ದಿಗೆ ಬೆಚ್ಚಿಬಿದ್ದದ್ದು ನಾನೇ. ಆ ಬೆಚ್ಚುವ ಚಾಳಿ ಇಂದಿಗೂ ಹೋಗಿಲ್ಲ.

ಮೊದಲು ಒಂದು ಹೋಟೆಲಿನ ಉಗ್ರಾಣದಲ್ಲಿದ್ದೆ. ದಿನಾ ಒಂದು ವಡೆಯ ಚೂರು, ದಿನಾ ಒಂದು ಇಲಿ. ಆಮೇಲೆ ಅದನ್ನೂ ನನ್ನನ್ನೂ ಒಟ್ಟಿಗೆ ನೀರಿನ ಬಕೆಟ್ಟಿಗೆ ಇಳಿಸುತ್ತಿದ್ದರು. ಅದರ ಮಾತು ಬೇಡ. ಹೋಟೆಲು ಮುಚ್ಚಿತು, ನಾನು ಗುಜರಿ ಸೇರಿದೆ. ಅಲ್ಲಿಂದ ನನ್ನನ್ನು ಎತ್ತಿಕೊಂಡು ಹೋದವನು ಬೋರಯ್ಯ.

ಬೋರಯ್ಯ ಸರಸ್ವತಿಪುರಂನ ಪಂಕಜಾಕ್ಷಮ್ಮನವರ ಮನೆಯ ಮಾಲಿ. ಪಂಕಜಾಕ್ಷಮ್ಮ ನಿವೃತ್ತ ಹೆಡ್‌ಮಿಸ್. ಮನೆ ಮುಂದೆ ಕಂಬಳಿ ಹಾಸಿದ ಹಾಗೆ ಒಂದು ಲಾನ್. ಹದಿನೆಂಟು ವರ್ಷದಿಂದ ಅದನ್ನು ಬೋರಯ್ಯನೇ ನೋಡಿಕೊಂಡಿದ್ದ. ದಸರಾ ಹೊತ್ತಿಗೆ ನಡೆಯುವ ಮನೆತೋಟದ ಸ್ಪರ್ಧೆಯಲ್ಲಿ ಅದಕ್ಕೆ ಎರಡು ಸಲ ಎರಡನೇ ಬಹುಮಾನ ಬಂದಿತ್ತು. ಈ ಸಲ ಮೊದಲನೆಯದೇ ಬರಬೇಕು ಎಂದು ಅಮ್ಮನಿಗೆ ಹಠ. ಅಮ್ಮನಿಗಿಂತ ಹೆಚ್ಚು ಹಠ ಬೋರಯ್ಯನಿಗೆ. ಎಡವಟ್ಟು ಶುರುವಾದದ್ದೇ ಆ ಹಠದಿಂದ.

ನನ್ನನ್ನು ಇಟ್ಟದ್ದು ಹಿತ್ತಲಿನ ಸಾಮಾನಿನ ಕೋಣೆಯಲ್ಲಿ, ಒಂದು ಅರ್ಧ ಚೀಲ ಕಡಲೆಕಾಯಿ ಹಿಂಡಿಯ ಪಕ್ಕದಲ್ಲಿ. ಪ್ರತಿ ವರ್ಷ ಹುಲ್ಲಿಗೆ ಹಾಕುತ್ತಿದ್ದುದು ಬೇವಿನ ಹಿಂಡಿ. ಈ ವರ್ಷವೂ ಅಮ್ಮ ಅದನ್ನೇ ಹೇಳಿದ್ದರು. ಆದರೆ ಬೋರಯ್ಯನ ಮನೆಯಲ್ಲಿ ಒಂದು ಎಮ್ಮೆ ಇತ್ತು. ಕಡಲೆಕಾಯಿ ಹಿಂಡಿ ತಿಂದು ಅದರ ಮೈ ಎಣ್ಣೆ ಹಚ್ಚಿದಂತೆ ಮಿರುಗುತ್ತಿತ್ತು. ಎಮ್ಮೆಗೆ ಆದದ್ದು ಹುಲ್ಲಿಗೆ ಯಾಕಾಗಬಾರದು ಎಂದುಕೊಂಡು, ಅದೇ ಹಿಂಡಿಯನ್ನು ಪುಡಿ ಮಾಡಿ, ಅಮ್ಮನಿಗೆ ಹೇಳದೆ, ಲಾನಿನ ತುಂಬ ಎರಚಿ ಮೇಲೆ ಮಣ್ಣು ಹರಡಿದ್ದ. ಅಮ್ಮ ಕೋಣೆಯ ಕಡೆ ಬಂದರೆ ಸಾಕು, ಓಡಿಬಂದು ಆ ಚೀಲದ ಮೇಲೆ ಗೋಣಿ ಮುಚ್ಚುತ್ತಿದ್ದ.

ವಾರ ಕಳೆಯುವುದರಲ್ಲಿ ಅಳಿಲುಗಳು ಬಂದವು. ಮೊದಲು ಎರಡು, ಆಮೇಲೆ ಹತ್ತು. ಮುಂಗಾಲಲ್ಲಿ ಕೆದಕುವುದು, ಮೂಗು ತೂರಿಸುವುದು, ಕಟಕಟ ಕಡಿಯುವುದು. ಬೆಳಿಗ್ಗೆ ಬೋರಯ್ಯ ಮುಚ್ಚಿದ ಗುಂಡಿ ಮಧ್ಯಾಹ್ನಕ್ಕೆ ಮತ್ತೆ ಬಾಯಿ ತೆರೆದಿರುತ್ತಿತ್ತು. ಅವನಿಗೆ ಊಟ ಸೇರದಾಯಿತು. ಸ್ಪರ್ಧೆಯವರು ಬರಲು ಹದಿನೈದು ದಿನ ಇದ್ದಾಗ ನನ್ನೊಳಗೆ ಕೊಬ್ಬರಿ ಚೂರು ಸಿಕ್ಕಿಸಿ ಹುಲ್ಲಿನ ಮೇಲೆ ಇಟ್ಟ.

ಕೊಬ್ಬರಿಯನ್ನು ಕೇಳುವವರೇ ಇಲ್ಲ! ಎರಡು ಅಳಿಲು ಬಿದ್ದವು, ಅವೂ ಇನ್ನೂ ಎಳೆಯವು. ಬೋರಯ್ಯ ನನ್ನನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಅವನ್ನು ಬಿಟ್ಟುಬಂದ. ಉಳಿದವು ನನ್ನನ್ನು ಬಳಸಿಕೊಂಡು ಹೋಗಿ ನೆಲ ಕೆದಕುತ್ತಿದ್ದವು. ಅವು ಏನು ಹುಡುಕುತ್ತಿವೆ ಎಂದು ನನಗೆ ಗೊತ್ತಿತ್ತು. ಹುಲ್ಲಿನಡಿಯಿಂದ ಬರುತ್ತಿದ್ದ ವಾಸನೆ ಕೋಣೆಯ ಚೀಲದ್ದೇ. ಹೇಳೋಣವೆಂದರೆ ನನಗೆ ಬರುವ ಮಾತು ಒಂದೇ, ಫಟ್.

ಸ್ಪರ್ಧೆಗೆ ಮೂರು ದಿನ ಉಳಿದಾಗ ಅಮ್ಮ ಒಂದು ಪೊಟ್ಟಣ ತಂದು ಜಗಲಿಯ ಮೇಲಿಟ್ಟರು. ಇಲಿ ಪಾಷಾಣ.

"ನಾಳೆ ಬೆಳಿಗ್ಗೆ ಇದನ್ನ ಅನ್ನದಲ್ಲಿ ಕಲಸಿ ಇಡು" ಎಂದರು.

ಬೋರಯ್ಯನ ಮುಖ ಬಿಳುಚಿಕೊಂಡಿತು. "ಬ್ಯಾಡಿ ಅಮ್ಮಾವ್ರೆ. ರಾಮದೇವ್ರು ಕೈಯಾಡ್ಸಿದ್ ಪ್ರಾಣಿ."

"ರಾಮ ಬೆನ್ನು ಸವರಿದ್ದು ಸೇತುವೆ ಕಟ್ಟಿದ್ದಕ್ಕೆ ಬೋರಯ್ಯ, ಲಾನ್ ಕೆದಕಿದ್ದಕ್ಕಲ್ಲ. ನಿನ್ನ ಕೈಲಿ ಆಗಲ್ಲ ಅಂದ್ರೆ ಹೇಳು, ಬೇರೆಯವರನ್ನ ನೋಡ್ತೀನಿ."

ಅತ್ತ ದರಿ, ಇತ್ತ ಪುಲಿ. ಬೋರಯ್ಯ ಕೋಣೆಗೆ ಬಂದು ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಸಂಜೆಯೊಳಗೆ ಎಷ್ಟು ಸಿಕ್ಕಿದರೆ ಅಷ್ಟನ್ನಾದರೂ ಕೆರೆಗೆ ಒಯ್ದು ಉಳಿಸೋಣ ಎಂದು ಅವನ ಆಸೆ. ಡಬ್ಬಿಯಲ್ಲಿ ಕೊಬ್ಬರಿ ಮುಗಿದಿತ್ತು. ಕೈಗೆ ಸಿಕ್ಕಿದ್ದು ಹಿಂಡಿಯ ಒಂದು ಹೆಂಟೆ. ಅದನ್ನೇ ಕೊಕ್ಕೆಗೆ ಸಿಕ್ಕಿಸಿ ನನ್ನನ್ನು ಲಾನಿನ ಅಂಚಿಗಿಟ್ಟು ಹಿಂದೆ ಸರಿದ.

ಅವನು ಹತ್ತು ಹೆಜ್ಜೆ ಇಟ್ಟಿರಲಿಲ್ಲ. ಫಟ್.

ಒಳಗೆ ಒಂದು ದೊಡ್ಡ ಅಳಿಲು. ಬಾಗಿಲು ಬಿದ್ದರೂ ಅದು ಗಾಬರಿಯಾಗಲಿಲ್ಲ, ಹಿಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕಡಿಯುತ್ತಲೇ ಇತ್ತು. ಹೊರಗೆ ಇನ್ನೂ ನಾಲ್ಕು ಬಂದು ನನ್ನ ತಂತಿಗೆ ಮೂಗು ಒತ್ತಿದವು. ಬೋರಯ್ಯ ನೋಡಿದ. ಮೆಲ್ಲಗೆ ಒಂದು ಗುಂಡಿಯ ಬಳಿ ಹೋಗಿ ಮಣ್ಣು ತೆಗೆದು ಮೂಸಿದ. ಮತ್ತೊಂದು ಗುಂಡಿಯದನ್ನೂ ಮೂಸಿದ.

"ಅಯ್ಯೋ ಶಿವನೇ, ನಾನೇ ಕರ್ದು ಉಣ್ಣಕ್ಕಿಕ್ಕಿವ್ನಲ್ಲಪ್ಪಾ" ಎಂದು ಹುಲ್ಲಿನ ಮೇಲೆ ಕುಸಿದು ಕೂತ.

ನನ್ನ ತಂತಿಗಳೆಲ್ಲ ಬಿಗಿದುಕೊಂಡವು. ಈಗ ಬಾಯಿ ಮುಚ್ಚಿಕೊಂಡಿದ್ದರೆ ಅವನ ಕೆಲಸ ಉಳಿಯುತ್ತದೆ. ಚೀಲ ಮನೆಗೆ ಸಾಗಿಸಿದರಾಯಿತು, ಯಾರಿಗೂ ಗೊತ್ತಾಗುವುದಿಲ್ಲ. ಅಳಿಲುಗಳು ಮಾತ್ರ ನಾಳೆ ಸಾಯುತ್ತವೆ. ಅವನು ಎಷ್ಟು ಹೊತ್ತು ಹಾಗೆ ಕೂತಿದ್ದನೋ, ನನಗಂತೂ ಒಂದು ಯುಗ ಕಳೆದಂತಾಯಿತು. ಕೊನೆಗೆ ಎದ್ದು, ಅಳಿಲಿನ ಸಮೇತ ನನ್ನನ್ನು ಎತ್ತಿಕೊಂಡು ಜಗಲಿಯ ಕಡೆ ನಡೆದ.

"ಅಮ್ಮಾವ್ರೆ, ತೆಪ್ಪು ಇವುದಲ್ಲ, ನಂದು. ನೀವು ಬೇವಿನ ಹಿಂಡಿ ಅಂದ್ರಿ, ನಾನು ಎಮ್ಮೆ ಹಿಂಡಿ ಹಾಕ್ಬುಟ್ಟೆ. ಬೌಮಾನ ಬರ್ಲಿ ಅಂತ."

ಅಮ್ಮ ಕನ್ನಡಕ ತೆಗೆದರು.

"ನೀನು ಹೇಳದೇ ಇದ್ದಿದ್ರೆ ನಂಗೆ ಗೊತ್ತಾಗ್ತಿತ್ತೇನೋ?"

"ಇಲ್ಲ ಅಮ್ಮಾವ್ರೆ."

"ಹದಿನೆಂಟು ವರ್ಷ ಆಯ್ತು. ಒಂದು ಮಾತು ಕೇಳ್ಬಾರದಿತ್ತಾ?" ಕನ್ನಡಕ ಮತ್ತೆ ಹಾಕಿಕೊಂಡರು. "ನಾಳೆಯಿಂದ ಬರಬೇಡ ಬೋರಯ್ಯ."

ಬೋರಯ್ಯ ತಲೆಯಾಡಿಸಿದ. ಅಲ್ಲೇ ಮೆಟ್ಟಿಲ ಮೇಲೆ ನನ್ನ ಬಾಗಿಲೆತ್ತಿದ. ಅಳಿಲು ಜಿಗಿದು ಲಾನಿನ ನಡುವೆ ಹೋಗಿ, ಯಾವ ನಾಚಿಕೆಯೂ ಇಲ್ಲದೆ ಇನ್ನೊಂದು ಗುಂಡಿ ತೋಡತೊಡಗಿತು. ಅಮ್ಮ ಅದನ್ನು ಓಡಿಸಲಿಲ್ಲ. ಪಾಷಾಣದ ಪೊಟ್ಟಣವನ್ನು ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ವರ್ಷ ಅವರು ಸ್ಪರ್ಧೆಯಿಂದ ಹೆಸರು ವಾಪಸ್ ತೆಗೆದುಕೊಂಡರು ಎಂದು ಆಮೇಲೆ ಕೇಳಿದೆ.

ಈಗ ನಾನು ಬೋರಯ್ಯನ ಮನೆಯ ಸೂರಿನ ಕೆಳಗಿದ್ದೇನೆ. ಸ್ಪ್ರಿಂಗ್ ತುಕ್ಕು ಹಿಡಿದಿದೆ, ಕೊಕ್ಕೆ ಬಿದ್ದುಹೋಗಿದೆ. ಬೋರಯ್ಯ ಒಂದು ನರ್ಸರಿಯಲ್ಲಿ ಮಣ್ಣು ಹೊರುತ್ತಾನೆ. ಸರಸ್ವತಿಪುರಂ ಕಡೆಯಿಂದ ಯಾರಾದರೂ ಬಂದರೆ, ಆ ಹುಲ್ಲು ಹೇಗಿದೆ ಎಂದು ಕೇಳುವುದನ್ನು ಮಾತ್ರ ಬಿಟ್ಟಿಲ್ಲ. ಆದರೆ ಮಲಗಿದ ಕೂಡಲೇ ನಿದ್ದೆ ಹೋಗುತ್ತಾನೆ. ಪುಕ್ಕಲನಾದ ನನಗೆ ಆ ನಿದ್ದೆ ಕಂಡರೆ ಹೊಟ್ಟೆಕಿಚ್ಚು.

ಬೋನಿಗೆ ಬಿದ್ದವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಎಲ್ಲರಿಗೂ ಹೊರಗಿನವರೇ ಬಾಗಿಲೆತ್ತಬೇಕಾಯಿತು. ಒಳಗಿನಿಂದ ತಾನೇ ಬಾಗಿಲೆತ್ತಿಕೊಂಡು ಹೊರಬಂದವನು ಬೋರಯ್ಯ ಒಬ್ಬನೇ.