ಮೇಲಿನಿಂದ ಮೂರನೆಯ ಮೆಟ್ಟಿಲು

ಏಣಿ ಕಾರ್ಖಾನೆಯಲ್ಲಿ ಅವನಿಗಿದ್ದ ಅಡ್ಡಹೆಸರು ಎಚ್ಚರಿಕೆ ಸಾಹೇಬ. ಏಣಿಗಳಿಗೆ ಅಂಟಿಸುವ ಎಚ್ಚರಿಕೆ ಚೀಟಿಗಳನ್ನು ಹದಿನಾರು ವರ್ಷದಿಂದ ಅವನೇ ಅಳೆದೂ ಸುರಿದೂ ಬರೆಯುತ್ತಿದ್ದ. ಅವನ್ನು ಓದುವ ಪ್ರಾಣಿ ಜಗತ್ತಿನಲ್ಲಿ ಒಂದೇ ಒಂದಿತ್ತು, ಅವನ ಅಕ್ಕ. ಔಷಧಿ ಡಬ್ಬಿಯೊಳಗಿನ ಕಾಗದವನ್ನೂ ಬಿಡದೆ ಓದುವ ಹೆಂಗಸು.

ಬಿದ್ದವಳೂ ಅವಳೇ. ತಮ್ಮ ಉಡುಗೊರೆಯಾಗಿ ಕೊಟ್ಟಿದ್ದ ಎಂಟಡಿ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಳು. ಭಾವ ಕಂಪನಿಯ ಮೇಲೆ ದಾವೆ ಹೂಡಿದರು. ಕಂಪನಿ ಸಾಕ್ಷಿಗೆ ಹುಡುಕಿ ಹುಡುಕಿ ಎಚ್ಚರಿಕೆ ಸಾಹೇಬನನ್ನೇ ಆರಿಸಿತು. ಸೋತರೆ ಕೆಲಸಕ್ಕೆ ಕುತ್ತು, ಗೆದ್ದರೆ ಅಕ್ಕನಿಗೆ ತೋರಿಸಲು ಮುಖವಿಲ್ಲ. ಅವನಿಗೆ ಸಂಕಟವಾದದ್ದು ನಿಜ. ಆದರೆ ತನ್ನ ಚೀಟಿಯಲ್ಲಿ ಹುಳುಕು ಹುಡುಕಿದರಲ್ಲ ಎಂಬುದು ಅದಕ್ಕಿಂತ ಹೆಚ್ಚು ಚುಚ್ಚಿತು.

ಕಂಪನಿಯ ವಕೀಲರು ಪಾಠ ಹೇಳಿಕೊಟ್ಟರು. ಕಾನೂನಿನ ಕಣ್ಣಿಗೆ ವಸ್ತು ದೋಷಪೂರಿತ ಆಗಬೇಕಾದರೆ ತಯಾರಿಕೆಯಲ್ಲಿ ತಪ್ಪಿರಬೇಕು, ಇಲ್ಲವೇ ವಿನ್ಯಾಸದಲ್ಲೇ ತಪ್ಪಿರಬೇಕು, ಅದೂ ಅಲ್ಲದಿದ್ದರೆ ಅಪಾಯವನ್ನು ಸರಿಯಾಗಿ ಎಚ್ಚರಿಸದೆ ಬಿಟ್ಟಿರಬೇಕು. ಬೆಸುಗೆ ಗಟ್ಟಿ, ಅಳತೆ ಸರಿ. ಉಳಿದದ್ದು ಚೀಟಿ.

ನ್ಯಾಯಾಲಯದಲ್ಲಿ ಅವನು ಎದೆಯುಬ್ಬಿಸಿ ಹೇಳಿದ, ಎಚ್ಚರಿಕೆ ಇತ್ತು, ಸ್ಪಷ್ಟವಾಗಿತ್ತು, ಬಿದ್ದವರು ಅದನ್ನು ಲೆಕ್ಕಿಸಲಿಲ್ಲ. ಅಕ್ಕನ ಕಡೆ ಮಾತ್ರ ನೋಡಲಿಲ್ಲ. ನ್ಯಾಯಾಧೀಶರು ಏಣಿಯನ್ನು ತರಿಸಿ, ಚೀಟಿಯನ್ನು ಓದಿ ಹೇಳಲು ಸೂಚಿಸಿದರು.

ಚೀಟಿ ಇದ್ದದ್ದು ತುತ್ತತುದಿಯ ಹಲಗೆಯ ಮೇಲೆ. ಅಲ್ಲಾದರೆ ಯಾರ ಕಾಲ ಧೂಳೂ ತಾಗುವುದಿಲ್ಲ ಎಂದು ಅವನೇ ಆರಿಸಿದ್ದ ಜಾಗ. ನೆಲದಿಂದ ಕಾಣಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿದ. ಅಕ್ಷರ ಸಣ್ಣವು. ಕನ್ನಡಕ ಸರಿಮಾಡಿಕೊಂಡು ಇನ್ನಷ್ಟು ಹತ್ತಿ, ಬಾಗಿ, ಗಟ್ಟಿಯಾಗಿ ಓದಿದ:

"ಮೇಲಿನಿಂದ ಮೂರನೆಯ ಮೆಟ್ಟಿಲಿಗಿಂತ ಮೇಲೆ ಹತ್ತಬೇಡಿ."

ಅವನು ಆಗಲೇ ಎರಡನೆಯದರ ಮೇಲೆ ನಿಂತಿದ್ದ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ವಕೀಲರು ಕಡತದೊಳಗೆ ಮುಖ ಹುದುಗಿಸಿದರು. ಅವನು ಗಡಿಬಿಡಿಯಲ್ಲಿ ಕೆಳಗಿನ ಮೆಟ್ಟಿಲಿಗೆ ಕಾಲು ಚಾಚಿದ, ಏಣಿ ಅಲ್ಲಾಡಿತು. ಮರುಕ್ಷಣ ಅದು ಗಟ್ಟಿಯಾಗಿ ನಿಂತಿತು. ಬಗ್ಗಿ ನೋಡಿದರೆ ಅಕ್ಕ ಊರುಗೋಲು ಬದಿಗಿಟ್ಟು, ಎರಡೂ ಕೈಯಿಂದ ಏಣಿ ಹಿಡಿದು ನಿಂತಿದ್ದಳು.

"ನಾನೂ ಅದನ್ನ ಓದೋಕೇ ಹತ್ತಿದ್ದು ಕಣೋ," ಎಂದಳು. "ನೀನು ಬರೆದಿದ್ದಲ್ವಾ. ನಿಧಾನಕ್ಕೆ ಇಳಿ, ನಾನು ಹಿಡ್ಕೊಂಡಿದೀನಿ."