ಸೀಟಿ ಊದಿದ ಮೇಲೆ

ಕುಬೇರ ಮಾಸ್ತರರ ಹೆದರಿಕೆಯ ಸ್ವಭಾವ ಗೋವಾದ ಕೊರ್ತಾಲಿಮಿನ ಆ ಕನ್ನಡ ಶಾಲೆಯಲ್ಲಿ ಯಾರಿಗೂ ಹೊಸದಲ್ಲ. ಮನೆಗೆ ಬೀಗ ಹಾಕಿ ಹೊರಟವರು ಓಣಿಯ ತುದಿಯಿಂದ ವಾಪಸು ಬಂದು ಬೀಗ ಜಗ್ಗಿ ನೋಡುತ್ತಾರೆ. ಗುಡುಗಿದರೆ ಮಕ್ಕಳಿಗಿಂತ ಮೊದಲು ತಾವೇ ಬೆಚ್ಚುತ್ತಾರೆ. ಇಂಥ ಪುಣ್ಯಾತ್ಮ ಮೂರನೇ ಇಯತ್ತೆಯ ಮಕ್ಕಳನ್ನು ಕಟ್ಟಿಕೊಂಡು ಟ್ರಿಪ್ಪಿಗೆ ಹೊರಟಿದ್ದಾರೆ ಎಂದು ಕೇಳಿ ಶಾಲೆಯ ಅಡುಗೆಯ ಹಜರತಬಿ ಸೌಟು ಕೆಳಗಿಟ್ಟು ನಕ್ಕಿದ್ದಳು.

“ಸರ್ರ, ಮಕ್ಕಳನ್ನ ನಾ ನೋಡ್ಕೋತೀನಿ ಬಿಡ್ರಿ. ನಿಮ್ಮನ್ನ ಯಾರ್ ನೋಡ್ಕೋಬೇಕು?”

ನಗಲಿ. ಮಾಸ್ತರರಿಗೂ ಒಂದು ಹಟವಿತ್ತು. ಜಗತ್ತಿನ ಜನವೆಲ್ಲ ವಿಮಾನ ಹತ್ತಿ ಗೋವಾ ನೋಡಲು ಬರುತ್ತಾರೆ, ಇಲ್ಲೇ ಹುಟ್ಟಿದ ಈ ಮಕ್ಕಳು ಜುವಾರಿ ಸೇತುವೆಯ ಆಚೆ ಏನಿದೆಯೆಂದು ಕಂಡಿಲ್ಲ. ಅಪ್ಪಂದಿರು ಗಾರೆ ಹೊತ್ತು ಕಟ್ಟಿದ ಹೋಟೆಲುಗಳನ್ನು ಹೊರಗಿನಿಂದ ನೋಡಿದ್ದಾರೆ, ಅಷ್ಟೇ. ಕೋಟೆಯನ್ನಾದರೂ ತೋರಿಸೋಣ, ದೀಪಸ್ತಂಭವನ್ನಾದರೂ ತೋರಿಸೋಣ ಎಂದು ಮಾಸ್ತರರು ಮನೆಮನೆಗೆ ಹೋಗಿ ಒಪ್ಪಿಗೆ ಕೇಳಿದರು. ಎಲ್ಲರೂ ಹೂಂ ಎಂದರು, ಚಾಂದಿಬಾಯಿ ಒಬ್ಬಳನ್ನು ಬಿಟ್ಟು.

ಚಾಂದಿಬಾಯಿ ವಿಜಯಪುರದ ಕಡೆಯ ಲಂಬಾಣಿ ತಾಂಡೆಯವಳು. ಕೋಲ್ವಾ ಕಡಲ ದಂಡೆಯಲ್ಲಿ ಕನ್ನಡಿ ಹೊಲಿದ ಚೀಲ, ಮಣಿಸರ, ಕಾಲಿನ ಗೆಜ್ಜೆ ಮಾರುತ್ತಾಳೆ. ಗಂಡ ನಾನಪ್ಪ ಕೆಪೆಯಲ್ಲಿ ಕಟ್ಟಡದ ಕೆಲಸದಲ್ಲಿದ್ದಾನೆ, ವಾರಕ್ಕೊಮ್ಮೆ ಬರುತ್ತಾನೆ. ಮಗಳು ವಿದ್ಯಾ ಮಾಸ್ತರರ ತರಗತಿಯ ಚೂಟಿ ಹುಡುಗಿ.

“ಬ್ಯಾಡ್ರಿ ಸರ್ರ,” ಎಂದಳು ಚಾಂದಿಬಾಯಿ. “ಅಕಿ ಕಣ್ಣ ಮುಂದ ಇದ್ರ ನನಗ ಸಮಾಧಾನ. ಸಮುದ್ರದ ಕಡೆ ಅಂತೂ ಬ್ಯಾಡೇ ಬ್ಯಾಡ್ರಿ.”

“ನೋಡವಾ ತಂಗಿ, ನನ್ನ ಜವಾಬ್ದಾರಿ. ಹ್ಯಾಂಗ ಕರ್ಕೊಂಡು ಹೋಗ್ತೇನೋ ಹಂಗ ತಂದು ನಿನ್ನ ಕೈಯಾಗ ಕೊಡ್ತೇನಿ.”

ಚಾಂದಿಬಾಯಿ ಕಡೆಗೂ ಒಪ್ಪಿದಳು. ಮಾತು ಕೊಟ್ಟ ಮೇಲೆ ಮಾಸ್ತರರ ಹೆದರಿಕೆ ಇನ್ನೂ ಹೆಚ್ಚಿತು. ಅದಕ್ಕೇ ದಿನಾ ಪಾಠ ಮುಗಿದ ಮೇಲೆ ಮಕ್ಕಳನ್ನು ನಿಲ್ಲಿಸಿ ಬಾಯಿಪಾಠ ಮಾಡಿಸಿದರು.

“ಯಾರರ ತಪ್ಪಿಸ್ಕೊಂಡ್ರ ಏನ್ ಮಾಡ್ಬೇಕು?”

“ಪೊಲೀಸರ ಕಡೆ ಹೋಗ್ಬೇಕ್ರಿ ಸರ್ರ!”

“ಹೋಗಿ?”

“ನಮ್ಮ ಹೆಸರು, ಸಾಲಿ ಹೆಸರು, ಊರು ಹೇಳ್ಬೇಕ್ರಿ ಸರ್ರ!”

ಎಲ್ಲರಿಗಿಂತ ದೊಡ್ಡ ದನಿ ವಿದ್ಯಾಳದೇ ಇರುತ್ತಿತ್ತು. ಆ ದನಿ ಕೇಳಿದಾಗಲೆಲ್ಲ ಮಾಸ್ತರರಿಗೆ ತುಸು ಧೈರ್ಯ ಬರುತ್ತಿತ್ತು.

ಡಿಸೆಂಬರಿನ ಒಂದು ಶನಿವಾರ ಹಜರತಬಿಯನ್ನೂ ಕರೆದುಕೊಂಡು ಡ್ರೈವರ್ ಮುನಾಫನ ಮಿನಿ ಬಸ್ಸಿನಲ್ಲಿ ಹೊರಟರು. ಮಕ್ಕಳು ಕಾಡಿದ್ದಕ್ಕೆ ಯೂನಿಫಾರ್ಮ್ ಬೇಡ, ಬಣ್ಣದ ಬಟ್ಟೆ ಹಾಕಿಕೊಳ್ಳಿ ಎಂದು ಮಾಸ್ತರರೇ ಬಿಟ್ಟಿದ್ದರು. ವಿದ್ಯಾ ಕೆಂಪು ಫ್ರಾಕು ತೊಟ್ಟಿದ್ದಳು. ಕೋಟೆ ನೋಡಿದ್ದಾಯಿತು, ಹಜರತಬಿ ಕಟ್ಟಿ ತಂದ ಚಪಾತಿ-ಪಲ್ಯ ತಿಂದದ್ದಾಯಿತು. ಕೆಳಗೆ ಸಮುದ್ರ ಕಾಣುತ್ತಿರುವಾಗ ಮಕ್ಕಳನ್ನು ತಡೆಯುವವರು ಯಾರು? “ಪಾದ ತೋಯುವಷ್ಟೇ, ಅದಕ್ಕಿಂತ ಒಂದು ಗೇಣೂ ಮುಂದಿಲ್ಲ,” ಎಂದು ಗದರಿಸಿ ಮಾಸ್ತರರು ಅವರನ್ನು ದಂಡೆಗೆ ಇಳಿಸಿದರು. ತಾವು ಪ್ಯಾಂಟು ಮಡಚಿ, ನೀರಿಗೂ ಮಕ್ಕಳಿಗೂ ನಡುವೆ ಕೈ ಅಗಲಿಸಿ ನಿಂತರು.

ಆಗ ಸೀಟಿ ಕೇಳಿಸಿತು.

ದಂಡೆಯುದ್ದಕ್ಕೂ ಸರ, ಚೀಲ ಹಾಸಿಕೊಂಡು ಕೂತಿದ್ದ ಹೆಂಗಸರು ಬಟ್ಟೆಯ ನಾಲ್ಕೂ ಮೂಲೆ ಒಟ್ಟುಗೂಡಿಸಿ ಗಂಟು ಎತ್ತಿದ್ದೇ ತಡ, ಗಾಳಿಮರಗಳ ಕಡೆಗೆ ಓಡಿದರು. ಪರವಾನಗಿ ಇಲ್ಲದವರನ್ನು ಹಿಡಿಯಲು ಪೊಲೀಸರು ಬಂದಿದ್ದರು. ಮಕ್ಕಳು ಬೆದರಿ ಚದರಿದವು. ಹಜರತಬಿ ಕೋಳಿಮರಿಗಳನ್ನು ಅಟ್ಟಿದ ಹಾಗೆ ಎಲ್ಲರನ್ನೂ ಒಂದೆಡೆ ಸೇರಿಸಿದಳು. ಗದ್ದಲ ಅಡಗಿತು. ಮಾಸ್ತರರು ಎಣಿಸಿದರು. ಒಬ್ಬರು ಕಡಿಮೆ. ಮತ್ತೆ ಎಣಿಸಿದರು. ಕೆಂಪು ಫ್ರಾಕು ಎಲ್ಲೂ ಇಲ್ಲ.

“ವಿದ್ಯಾ ಎಲ್ಲಿ?”

ಯಾವ ಮಗುವಿಗೂ ಗೊತ್ತಿರಲಿಲ್ಲ.

ಮಾಸ್ತರರು ಮೊದಲು ನೋಡಿದ್ದು ನೀರನ್ನು. ನೀರು ಏರುತ್ತಿತ್ತು, ಆಗಲೇ ಮಕ್ಕಳು ಬಿಟ್ಟ ಚಪ್ಪಲಿಗಳ ಹತ್ತಿರಕ್ಕೆ ಬಂದಿತ್ತು. ಮೊಣಕಾಲುದ್ದ ನೀರಿಗಿಳಿದು “ವಿದ್ಯಾ! ವಿದ್ಯಾ!” ಎಂದು ಕೂಗಿದರು. ತೆರೆಯ ಸದ್ದಿನಲ್ಲಿ ಅವರ ದನಿ ಅವರಿಗೇ ಕೇಳಿಸಲಿಲ್ಲ. ಮತ್ತೆ ದಂಡೆಗೆ ಓಡಿದರು. ಯಾರು ಕಂಡರೆ ಅವರನ್ನು ಕೇಳಿದರು. ದೊಡ್ಡ ಛತ್ರಿಯ ಕೆಳಗೆ ಕೂತಿದ್ದ, ಹೊರಗಿನಿಂದ ಬಂದ ನಾಲ್ಕೈದು ಸಂಸಾರಗಳ ಗುಂಪನ್ನು ಎರಡು ಸಲ ಕೇಳಿದರು. ಅವರೂ ಪಾಪ, ತಮ್ಮ ಮಕ್ಕಳು ಬಿಟ್ಟರೆ ಯಾರನ್ನೂ ನೋಡಿಲ್ಲವೆಂದರು.

ಕಡೆಗೆ ಪೊಲೀಸರ ಬಳಿಗೇ ಹೋದರು. ಅಲ್ಲೊಬ್ಬ ವಯಸ್ಸಾದ ಪೇದೆ, ಒಳ್ಳೆಯ ಮನುಷ್ಯ, ಮಾಸ್ತರರ ಕೈ ಹಿಡಿದು ಸಮಾಧಾನ ಮಾಡಿದ. ಜೀಪಿನ ಮೈಕಿನಲ್ಲಿ ಕೂಗಿಸಿದ. “ವಿದ್ಯಾ, ಲಾಲ್ ಫ್ರಾಕ್, ಕೊರ್ತಾಲಿಮ್ ಸ್ಕೂಲ್! ವಿದ್ಯಾ!” ಜೀಪು ದಂಡೆಯ ಈ ತುದಿಯಿಂದ ಆ ತುದಿಗೆ ಹೋಯಿತು, ಬಂತು. ಪೇದೆ ಸಣ್ಣ ಹುಡುಗಿಯರು ಕಂಡಲ್ಲೆಲ್ಲ ಬಗ್ಗಿ ಹೆಸರು ಕೇಳಿದ. ವಿದ್ಯಾ ಸಿಗಲಿಲ್ಲ.

ಇಷ್ಟು ಕೂಗಿದರೂ ಬಾರದಿದ್ದ ಮೇಲೆ ಹುಡುಗಿ ದಂಡೆಯಲ್ಲಿ ಇಲ್ಲವೆಂದೇ ಅರ್ಥವಲ್ಲವೇ? ಮಾಸ್ತರರು ಚಾಂದಿಬಾಯಿಗೆ ಫೋನು ಹಚ್ಚಿದರು, ರಿಂಗಾಗುವ ಮೊದಲೇ ಕಟ್ ಮಾಡಿದರು. ಮತ್ತೆ ಹಚ್ಚಿದರು, ಮತ್ತೆ ಕಟ್. ಹಜರತಬಿ ಫೋನು ಕಸಿದುಕೊಂಡು ಹಚ್ಚಿ ಅವರ ಕಿವಿಗಿಟ್ಟಳು.

“ಚಾಂದಿಬಾಯಿ, ವಿದ್ಯಾ ಕಾಣವಲ್ಲಳು. ಇಲ್ಲೇ ಇದ್ದಳು ತಂಗಿ, ಇಲ್ಲೇ ನನ್ನ ಬಾಜೂಕ...”

ಅಳುತ್ತಾಳೆ, ಶಪಿಸುತ್ತಾಳೆ ಎಂದು ಮಾಸ್ತರರು ಕಣ್ಣು ಮುಚ್ಚಿದರು. ಚಾಂದಿಬಾಯಿ ಕೇಳಿದ್ದು ಬೇರೆ.

“ಸೀಟಿ ಊದಿದ್ರೇನ್ರಿ ಸರ್ರ?”

“ಆಂ?”

“ಪೊಲೀಸ್ರು ಬಂದಿದ್ರೇನ್ರಿ?”

“ಬಂದಿದ್ರು. ಈಗೂ ಇಲ್ಲೇ ಅದಾರ. ಮೈಕಿನ್ಯಾಗ ಅಕಿ ಹೆಸರು ಹಿಡದು ಕರ್ಯಾಕತ್ತಾರ.”

“ಅಯ್ಯೋ ಶಿವನ! ಬಂದ್ ಮಾಡಸ್ರಿ ಅದನ್ನ ಮೊದಲ. ಹೆಸರು ಕರದ್ರ ಅಕಿ ಹೊರಗ ಬರಾಂಗಿಲ್ಲ. ನಾನ ಕಲಿಸೇನಿ ಸರ್ರ. ಸೀಟಿ ಕೇಳಿದ್ರ ನನ್ನ ಕಡೆ ಓಡಿ ಬರಬ್ಯಾಡ, ಯಾರದರ ಸಂಸಾರದಾಗ ಹೊಕ್ಕು ಅವರ ಮಗಳಾಂಗ ಕುಂದ್ರು, ಪೊಲೀಸ್ರು ಹೆಸರು ಕೇಳಿದ್ರ ಬ್ಯಾರೆ ಹೇಳು ಅಂತ. ಮಾಲಿನ ಜೋಡಿ ಕೂಸು ಸಿಕ್ರ ಕೂಸನ್ನೂ ಒಯ್ತಾರ ಅಂತ ನಮಗ ಅಂಜಿಕಿ.”

ಮಾಸ್ತರರು ಜೀಪಿನ ಕಡೆ ತಿರುಗಿ ನೋಡಿದರು.

“ಮತ್ತ ಹ್ಯಾಂಗ ಕರೀಲಿ?”

“ಕರೀಬ್ಯಾಡ್ರಿ. ಪೊಲೀಸ್ರನ್ನ ದೂರ ಕಳಸ್ರಿ. ಒಂದು ಅರಿವಿ ಹಾಸಿ, ಮ್ಯಾಲೆ ಏನರ ಮಾಲು ಇಟ್ಟು ಸುಮ್ಮನ ಕುಂದ್ರಿ. ಅವರು ಹೋದ ಮ್ಯಾಲೆ ನಾವು ಹಂಗ ಹಾಸ್ತೇವಿ. ಅದನ್ನ ನೋಡಿದ್ರ ಬರ್ತಾಳ.” ದನಿ ಅಲ್ಲಿಗೆ ಒಡೆಯಿತು. “ಬರ್ತಾಳ್ರಿ ಸರ್ರ. ನೀರಿಗೆ ಹೋಗಿರ್ಲಿಕ್ಕಿಲ್ಲ.”

ಹೋಗಿರಲಿಕ್ಕಿಲ್ಲ! ಹೋಗಿದ್ದರೆ? ಹುಡುಕುತ್ತಿರುವ ಪೊಲೀಸರನ್ನು ಕಳಿಸಿಬಿಟ್ಟು, ಹೊತ್ತು ಮುಳುಗುವ ಹೊತ್ತಿಗೆ ದಂಡೆಯ ಮೇಲೆ ಅಂಗಡಿ ಹಾಕಿಕೊಂಡು ಕೂತ ಮಾಸ್ತರನನ್ನು ನಾಳೆ ಊರು ಏನೆಂದೀತು? ಊರಿನ ಮನೆ ಹಾಳಾಗಲಿ, ಆ ತಾಯಿಗೆ ಏನು ಹೇಳುವುದು? ಆದರೆ ಹೇಳಿದವಳೂ ಆ ತಾಯಿಯೇ. ಮಾಸ್ತರರು ಪೇದೆಯ ಬಳಿ ಹೋದರು. ಹುಡುಗಿ ಬಸ್ಸು ನಿಲ್ಲಿಸಿದ ಕಡೆ ಹೋಗಿರಬಹುದು, ದಯವಿಟ್ಟು ಎಲ್ಲರೂ ಅಲ್ಲಿ ನೋಡಿ, ಮೈಕು ಬೇಡ ಎಂದು ಹಿಂದಿಯಲ್ಲಿ ಕೈಮುಗಿದರು.

“ಔರ್ ಪಾನೀ ಮೇ ಗಯೀ ಹೋಗೀ ತೋ, ಮಾಸ್ಟರ್?” ಎಂದ ಪೇದೆ. ನೀರಿಗೆ ಹೋಗಿದ್ದರೆ?

ಮಾಸ್ತರರು ಮುಗಿದ ಕೈ ಇಳಿಸಲಿಲ್ಲ. ಪೇದೆ ತಲೆ ಅಲ್ಲಾಡಿಸಿ ಜೀಪು ಹತ್ತಿದ. ಸದ್ದು ಗಾಳಿಮರಗಳ ಹಿಂದೆ ಕರಗಿತು.

ಊಟಕ್ಕೆ ಹಾಸಿದ್ದ ಜಮಖಾನೆಯನ್ನು ಹಜರತಬಿ ಮರಳಿನ ಮೇಲೆ ಬಿಡಿಸಿದಳು. ಮಾಲು ಎಲ್ಲಿಂದ ತರುವುದು? ಹುಡುಗಿಯರು ಬಳೆ ಬಿಚ್ಚಿಕೊಟ್ಟರು, ಕ್ಲಿಪ್ಪು, ರಿಬ್ಬನ್ನು ಕೊಟ್ಟರು. ಹುಡುಗರು ಆರಿಸಿದ ಚಿಪ್ಪುಗಳನ್ನು ಸುರಿದರು. ಮಾಸ್ತರರು ತಮ್ಮ ಕೈಗಡಿಯಾರ, ಪೆನ್ನು, ಬಾಚಣಿಗೆ ಇಟ್ಟರು. ಇಟ್ಟು, ಚಕ್ಕಳಮಕ್ಕಳ ಹಾಕಿ ಕೂತರು. ಇಪ್ಪತ್ತು ವರ್ಷ ಮಕ್ಕಳ ಮುಂದೆ ನಿಂತ ಮನುಷ್ಯ ಹೀಗೆ ಕೂತದ್ದು ಇದೇ ಮೊದಲು.

ಅಡ್ಡಾಡುತ್ತ ಬಂದ ಹೆಂಗಸೊಬ್ಬಳು ಬಗ್ಗಿ ಬಳೆ ಎತ್ತಿ ರೇಟು ಕೇಳಿದಳು. “ಭಯ್ಯಾ, ಯೇ ಕಿತ್ನೇ ಕಾ?”

“ಬೋಹನಿ ನಹೀ ಹುಯೀ, ದೋ ಸೌ,” ಎಂದು ಹಜರತಬಿ, ಇನ್ನೂ ಬೋಣಿಗೆ ಆಗದವಳ ಹಾಗೆ, ಇನ್ನೂರರ ರೇಟು ಒಗೆದಳು. ಹೆಂಗಸು ಬಳೆ ಕೆಳಗಿಟ್ಟು ಹೋದಳು. ಬೇರೆ ದಿನವಾಗಿದ್ದರೆ ಮಕ್ಕಳು ನಗುತ್ತಿದ್ದವು. ಈಗ ಯಾರೂ ನಗಲಿಲ್ಲ.

ಬಿಸಿಲು ಕೆಂಪಾಯಿತು. ಗಾಳಿಮರಗಳಿಂದ ಒಬ್ಬೊಬ್ಬರೇ ಹೆಂಗಸರು ಹೊರಬಂದು ದೂರದಲ್ಲಿ ಮತ್ತೆ ಗಂಟು ಬಿಚ್ಚಿದರು. ಮಾಸ್ತರರು ನೀರಿನ ಕಡೆ ನೋಡಬಾರದೆಂದು ಚಿಪ್ಪುಗಳನ್ನೇ ನೋಡುತ್ತ ಕೂತರು. ದೇವರೇ, ನನ್ನ ಆಯುಷ್ಯ ಬೇಕಾದರೆ ತಗೋ, ಅವಳನ್ನು ಕೊಡು, ಎಂದು ಮನಸ್ಸಿನಲ್ಲೇ ಅಂಗಲಾಚಿದರು. ಕಣ್ಣು ಮಂಜಾಗಿ ಚಿಪ್ಪು ಯಾವುದು ಬಳೆ ಯಾವುದು ತಿಳಿಯದಾಯಿತು.

ಒಂದು ಪುಟ್ಟ ಕೈ ಬಂದು ವಾರೆಯಾಗಿದ್ದ ಬಳೆಗಳನ್ನು ಸಾಲಾಗಿ ಜೋಡಿಸತೊಡಗಿತು.

ವಿದ್ಯಾ! ಯಾವಾಗ ಬಂದಳೋ, ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು. ಮೈಮೇಲೆ ಯಾರದೋ ಮಗುವಿನ ಹಳದಿ ಟವೆಲು, ತಲೆಗೆ ಯಾರದೋ ಟೊಪ್ಪಿಗೆ. ಮಾಸ್ತರರ ಮುಖ ನೋಡದೆ, ಮಾಲು ನೇರ ಮಾಡುತ್ತಲೇ ಪಿಸುಗುಟ್ಟಿದಳು.

“ಹೋದ್ರೇನ್ರಿ ಸರ್ರ?”

“ಹೋದ್ರವಾ.”

“ಆ ಛತ್ರಿ ಕೆಳಗ ಈ ಟವೆಲ್ ಹೊತ್ಕೊಂಡು ಕುಂತಿದ್ನಿರಿ. ಒಬ್ರಿಗೆ ಇನ್ನೊಬ್ರ ಕೂಸು ಅನಸಿತ್ರಿ. ನೀವು ಬಂದು ಕೇಳಿದಾಗೂ ಅಲ್ಲೇ ಇದ್ನಿ. ದಂಡ್ಯಾಗ ಇನ್ನೂ ಪೊಲೀಸ್ರು ಇದ್ರಲ್ರಿ, ಅದಕ್ಕ ಸುಮ್ನಿದ್ನಿ. ಯಾಡಿ ಹಂಗ ಹೇಳ್ಯಾಳ್ರಿ.” ಯಾಡಿ ಎಂದರೆ ತಾಂಡೆಯವರ ಮಾತಿನಲ್ಲಿ ಅವ್ವ. “ಎಷ್ಟ್ ಸಲ ಕರದ್ರೂ ನಾ ಓ ಅನ್ನಲಿಲ್ರಿ!”

ಶಹಭಾಸ್ ಎನ್ನುತ್ತಾರೆಂದು ಕಾದು ನೋಡಿದಳು. ಅವಳನ್ನು ಹೊಡೆಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯದೆ ಮಾಸ್ತರರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಗಳಗಳ ಅತ್ತರು. ಹಜರತಬಿ ಫೋನು ಹಚ್ಚಿ, “ಬಂದಳವಾ, ಬಂದಳು,” ಎಂದು ಒದರಿದಳು. ಆ ಕಡೆಯಿಂದ ಬರೀ ಅಳು ಕೇಳಿಸಿತು.

ಅಷ್ಟರಲ್ಲಿ ಗಾಳಿಮರಗಳ ಸಂದಿನಿಂದ ಪೇದೆ ನಡೆದುಬಂದ. ಬಸ್ಸಿನ ಕಡೆಯೆಲ್ಲ ಹುಡುಕಿ ಬೆವೆತು ಬಸವಳಿದಿದ್ದ. ಬಂದವನೇ ಜಮಖಾನೆ ನೋಡಿದ, ಬಳೆ ನೋಡಿದ, ಬಳೆಗಳ ಮೇಲೆ ಕೈಯಿಟ್ಟು ಕೂತ ಹಳದಿ ಟವೆಲಿನ ಹುಡುಗಿಯನ್ನು ನೋಡಿದ.

“ಚೆಡುಂ ಮೆಳ್ಳೆಂ?” ಎಂದು ಕೇಳಿದ. ಹುಡುಗಿ ಸಿಕ್ಕಳೇ?

ಮಾಸ್ತರರು ಬಾಯಿ ತೆರೆದರು. ಇಗೋ, ಇವಳೇ ನೋಡಿ ಸಾಹೇಬ್ರ, ನಿಮ್ಮ ಉಪಕಾರ ದೊಡ್ಡದು ಎಂದು ಕಾಲಿಗೆ ಬೀಳುವಷ್ಟು ಸಂತೋಷ ಗಂಟಲಲ್ಲಿತ್ತು. ಆದರೆ ಅವರ ಅಂಗಿಯ ಚುಂಗನ್ನು ಆ ಪುಟ್ಟ ಕೈ ಬಿಗಿಯಾಗಿ ಹಿಡಿದಿತ್ತು. ಇಷ್ಟು ಹೊತ್ತು ಬಳೆ ಜೋಡಿಸಿದ ಹುಡುಗಿ ಉಸಿರನ್ನೇ ಬಿಡುತ್ತಿರಲಿಲ್ಲ.

“ಮೆಳ್ಳೆಂ, ಮೆಳ್ಳೆಂ,” ಎಂದರು ಮಾಸ್ತರರು. “ಅಭೀ ಬಸ್ ಮೇ ಭೇಜಾ, ಸಾಬ್.” ಈಗಷ್ಟೇ ಬಸ್ಸಿಗೆ ಕಳಿಸಿದರಂತೆ!

“ಔರ್ ಯೇ?”

“ಯೇ ಮೇರೀ ಬೇಟೀ.” ಇವಳು ನನ್ನ ಮಗಳು.

ಆ ಒಳ್ಳೆಯ ಮನುಷ್ಯ ದೇವರಿಗೆ ಕೈಮುಗಿದ, ಮಾಸ್ತರರ ಬೆನ್ನು ತಟ್ಟಿದ, ಮೆತ್ತಗೆ ನಕ್ಕು ಹೊರಟುಹೋದ. ಅವನ ಬೆನ್ನಿನ ಮೇಲೆ ಬೆವರಿನ ದೊಡ್ಡ ಕಲೆ ಕಾಣುತ್ತಿತ್ತು. ತಮಗಾಗಿ ಅಷ್ಟು ಅಲೆದವನಿಗೆ ಸುಳ್ಳು ಹೇಳಿದೆನಲ್ಲ ಎಂದು ಮಾಸ್ತರರಿಗೆ ನಾಚಿಕೆಯಾಯಿತು. ಅಂಗಿಯ ಮೇಲಿನ ಹಿಡಿತ ಮಾತ್ರ ನಿಧಾನವಾಗಿ ಸಡಿಲಿತು.

ಬಸ್ಸು ಜುವಾರಿ ಸೇತುವೆ ಹತ್ತುವ ಹೊತ್ತಿಗೆ ಮಕ್ಕಳೆಲ್ಲ ತೂಕಡಿಸುತ್ತಿದ್ದವು. ಮಾಸ್ತರರ ಪಕ್ಕದಲ್ಲಿ ಕೂತ ವಿದ್ಯಾಳಿಗೆ ಮಾತ್ರ ನಿದ್ದೆಯಿಲ್ಲ. ಆಕೆ ಅವರ ಕಿವಿಯ ಹತ್ತಿರಕ್ಕೆ ಬಂದಳು.

“ಸರ್ರ, ಪೊಲೀಸ್ರಿಗೆ ಬ್ಯಾರೆ ಹೇಳಾಕ ನಿಮಗೂ ಬರ್ತೈತಿ ಅಂತ ಯಾಡಿಗೆ ಹೇಳ್ತೇನ್ರಿ.”

ಮಾಸ್ತರರು ಕಿಟಕಿಯ ಹೊರಗೆ ನೋಡಿದರು. ಸೋಮವಾರ ತರಗತಿಯಲ್ಲಿ ಈ ಹುಡುಗಿಯನ್ನು ನಿಲ್ಲಿಸಿ ತಪ್ಪಿಸಿಕೊಂಡರೆ ಏನು ಮಾಡಬೇಕು ಎಂದು ಕೇಳಲು ತಮ್ಮಿಂದ ಇನ್ನು ಆಗದು ಎಂದು ಅವರಿಗೆ ಗೊತ್ತಾಗಿತ್ತು.